ಗಿಳಿಯಿದ್ದ ಹಲಗೆ

ಅಕ್ಕ ಬರುವುದು ಮೂರು ಗಂಟೆಗೆ. ಈಗಿನ್ನೂ ಹನ್ನೊಂದೂವರೆ. ಆರು ತಂತಿ ಬಿಗಿಯಲು ಇಷ್ಟು ಹೊತ್ತು ಧಾರಾಳವಾಯಿತು, ಒಂದು ಮಾತು ಹೇಳಲು ಸಾಲದು ಎಂದುಕೊಳ್ಳುತ್ತ ವಿಜಯೇಂದ್ರ ಮೂರನೆಯ ತಂತಿಯನ್ನು ಕೀಲಿನ ತೂತಿಗೆ ಪೋಣಿಸಿದ. ರವಿವಾರದ ಹಾವೇರಿ ಕಿಟಕಿಯಾಚೆ ತನ್ನ ಪಾಡಿಗೆ ತಾನಿತ್ತು. ಕಾಯಿಪಲ್ಲೆ ಗಾಡಿಯವನು ರೆಕಾರ್ಡು ಮಾಡಿಟ್ಟ ತನ್ನದೇ ಕೂಗನ್ನು ಸ್ಪೀಕರಿನಿಂದ ಕೂಗಿಸುತ್ತ, ತಾನು ಮಾತ್ರ ತುಟಿ ಬಿಗಿದುಕೊಂಡು ಗಾಡಿ ತಳ್ಳುತ್ತಿದ್ದ. ಬೇರೆ ದಿನವಾಗಿದ್ದರೆ ವಿಜಯೇಂದ್ರ ಆ ಕೂಗನ್ನು ಹಾಗೇ ಎತ್ತಿಕೊಂಡು, ಬದನೀಕಾಯಿಯ ಕೊನೆಯ ಎಳೆತವನ್ನೂ ಬಿಡದೆ, ಅಡುಗೆಮನೆಯತ್ತ ಎಸೆಯುತ್ತಿದ್ದ. ಒಳಗಿನಿಂದ ರಂಜನಾ "ಅರ್ಧಾ ಕಿಲೋ ಕೊಟ್ಟು ಮುಂದ ನಡೀಪಾ" ಎನ್ನುತ್ತಿದ್ದಳು. ಇವತ್ತು ಗಂಟಲು ಏಳಲಿಲ್ಲ. ಮೇಜಿನ ಮೇಲೆ ಹಳೆಯ ಚಾದರ ಹಾಸಿ ಮಲಗಿಸಿದ ಗಿಟಾರು ಹೊಳೆಯುತ್ತಿತ್ತು. ಏಳು ತಿಂಗಳ ಕೆಲಸ. ಬಟ್ಟೆಯ ಉಂಡೆಯಿಂದ ಹದಿನಾಲ್ಕು ಸಲ ಅರಗಿನ ಪಾಲಿಶ್ ತಿಕ್ಕಿದ ಮೇಲೆ ಬಂದ ಹೊಳಪು. ಇಷ್ಟು ಹೊಳೆಯಬಾರದಾಗಿತ್ತು ಎಂದು ಈಗ ಅನ್ನಿಸಿತು. ಮಂದವಾಗಿದ್ದರೆ ಯಾರೂ ಇದು ಯಾವ ಕಟ್ಟಿಗೆ ಎಂದು ಕೇಳುವುದಿಲ್ಲ.

ಬುಧವಾರ ಬ್ಯಾಡಗಿಯಿಂದ ಫೋನು ಬಂದಾಗ ಅವನು ಸ್ಟಾಫ್ ರೂಮಿನಲ್ಲಿ ಪ್ರಾಚಾರ್ಯರ ದನಿ ತೆಗೆದು ನಾಲ್ಕು ಜನರನ್ನು ನಗಿಸುತ್ತಿದ್ದ. "ಧನಶ್ರೀ ಹಡದಾಳೋ ವಿಜೂ, ರಾಣೇಬೆನ್ನೂರ ದವಾಖಾನಿಯೊಳಗ. ಹೆಣ್ಣು. ಮುಂದಿನ ಗುರುವಾರ ಹೆಸರಿಡೋದು," ಎಂದು ಅಕ್ಕ ಗೋದೂಬಾಯಿ ಮಗಳ ಸುದ್ದಿಯನ್ನು ಒಂದೇ ಉಸಿರಿಗೆ ಹೇಳಿ, ಆಮೇಲೆ ದನಿ ತಗ್ಗಿಸಿ, "ರವಿವಾರ ಬಂದು ತೊಟ್ಲಾ ಒಯ್ತೀನಿ. ಇಷ್ಟು ವರ್ಷ ನಾ ಕೇಳಿದ್ದಿಲ್ಲ. ರಂಜನಾಗ ನೀನ ಸಮಾಧಾನಲೆ ಹೇಳು," ಎಂದಿದ್ದಳು. "ಬಾ ಅಕ್ಕಾ" ಎಂದ. ಬಾಯಿಂದ ಬಂದ ಆ ಎರಡು ಶಬ್ದ ಇನ್ನೂ ಪ್ರಾಚಾರ್ಯರ ದನಿಯಲ್ಲೇ ಇದ್ದವು. ನಾಲ್ವರೂ ಮತ್ತೊಮ್ಮೆ ನಕ್ಕರು. ಅಂದು ಸಂಜೆ ರಂಜನಾಳಿಗೆ ಅವನು ಹೇಳಿದ್ದು ಇಷ್ಟೇ: ರವಿವಾರ ಅಕ್ಕ ಬರ್ತಾಳಂತ. ಯಾಕಂತ? ಸುಮ್ನ.

ಆ ತೊಟ್ಟಿಲು ಯಾರ ಮನೆಯದೂ ಅಲ್ಲ. ಅಜ್ಜಿಯ ಕಾಲದಲ್ಲಿ ಕಲಘಟಗಿಯಿಂದ ತರಿಸಿದ್ದು. ಸಾಗವಾನಿ ಹಲಗೆಯ ಮೇಲೆ ಅರಗಿನ ಬಣ್ಣದಲ್ಲಿ ಆನೆ, ಬಳ್ಳಿ, ಸಾಲು ಗಿಳಿ. ಕೊನೆಯ ಕೂಸು ಯಾರ ಮನೆಯಲ್ಲಿ ಮಲಗಿತೋ ಅವರ ಅಟ್ಟದ ಮೇಲೆ ಇರುತ್ತದೆ, ಮುಂದಿನ ಕೂಸು ಹುಟ್ಟಿದ ಮನೆಯ ಹಿರಿಯಳು ಬಂದು ಒಯ್ಯುತ್ತಾಳೆ. ಖಾಲಿ ಒಯ್ಯುವಂತಿಲ್ಲ, ಒಳಗೊಂದು ತೆಂಗಿನಕಾಯಿ ಮಲಗಿಸಬೇಕು. ಕೂಸು ಹುಟ್ಟುವ ಮೊದಲು ಒಯ್ಯುವಂತೆಯೂ ಇಲ್ಲ. ಹನ್ನೊಂದು ವರ್ಷದ ಹಿಂದೆ ಬಸುರಿ ರಂಜನಾಳಿಗೆ ಎಂಟು ತಿಂಗಳು ತುಂಬಿದಾಗ, ಬ್ಯಾಡಗಿಯಲ್ಲಿ ಮೆಣಸಿನಕಾಯಿ ಇಳಿಸಿ ಖಾಲಿ ಬರುತ್ತಿದ್ದ ಒಂದು ಟೆಂಪೋ ಸಿಕ್ಕಿತೆಂದು ವಿಜಯೇಂದ್ರ ಅದನ್ನು ಹೇರಿಸಿಕೊಂಡು ಬಂದಿದ್ದ. "ಕೂಸಿನಕಿಂತ ಮೊದಲ ತೊಟ್ಲಾ ಬರಬಾರ್ದೋ" ಎಂದು ಅಕ್ಕ ಟೆಂಪೋದ ಹಿಂದೆ ನಾಲ್ಕು ಹೆಜ್ಜೆ ಓಡಿದ್ದಳು. ಅವನು ಫಿಜಿಕ್ಸ್ ಕಲಿಸುವವನು, ನಕ್ಕಿದ್ದ. ಹಲಗೆಗಳಿಂದ ಮೆಣಸಿನ ಘಾಟು ಹೋಗಲಿ ಎಂದು ಮೂರು ದಿನ ಅಂಗಳದಲ್ಲಿಟ್ಟಿದ್ದರು. ನಾಲ್ಕನೆಯ ದಿನ ಆಸ್ಪತ್ರೆ. ಕೂಸು ಅಳಲೇ ಇಲ್ಲ. ಸಂಜೆ ಹಾಸಿಗೆಯ ಪಕ್ಕ ಕೂತು, ಏನು ಮಾತಾಡಬೇಕೆಂದು ತಿಳಿಯದೆ, ಮೂಗಿನಿಂದ ಮಾತಾಡುವ ಆ ಡಾಕ್ಟರರ ದನಿಯಲ್ಲಿ "ರೆಸ್ಟ್ ತಗೋರೀ ತಾಯೀ" ಎಂದಿದ್ದ. ರಂಜನಾ ನಕ್ಕಳು. ಹೊಲಿಗೆಯ ಮೇಲೆ ಕೈ ಒತ್ತಿಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ಎಷ್ಟೋ ವರ್ಷ ಅವನು ಆ ನಗೆಯನ್ನು ತನ್ನ ಪುಣ್ಯದ ಲೆಕ್ಕಕ್ಕೆ ಹಿಡಿದಿದ್ದ. ಅದು ನಗೆಯೇ ಆಗಿತ್ತೆ ಎಂಬ ಅನುಮಾನ ಈಚೀಚೆಗೆ ಶುರುವಾಗಿದೆ.

ತೊಟ್ಟಿಲು ಅಟ್ಟ ಸೇರಿತು. ಸಂಕೋಚದಿಂದ ಯಾರೂ ಕೇಳಲಿಲ್ಲ. ಬಳಗದಲ್ಲಿ ಆಮೇಲೆ ಹುಟ್ಟಿದ ಐದಾರು ಕೂಸುಗಳು ಕಬ್ಬಿಣದ ಪೈಪಿನ ತೊಟ್ಟಿಲಲ್ಲಿ, ಸೀರೆಯ ಜೋಳಿಗೆಯಲ್ಲಿ ಮಲಗಿ ದೊಡ್ಡವಾದವು. ಈ ಮನೆಯಲ್ಲಂತೂ ಆ ಶಬ್ದವೇ ಬಳಕೆ ತಪ್ಪಿತು. ಹಾಗೆ ನೋಡಿದರೆ ವಿಜಯೇಂದ್ರ ಗಿಟಾರು ಮಾಡಲು ಹೊರಟದ್ದು ತನ್ನದೊಂದು ದನಿ ಬೇಕು ಎಂದು. ಧಾರವಾಡದಲ್ಲಿ ಓದುವಾಗ ಬಾಡಿಗೆ ಗಿಟಾರಿನಲ್ಲಿ ಊರ ಮಂದಿಯ ಹಾಡನ್ನೆಲ್ಲ ಬಾರಿಸಿದ್ದ. ನಲವತ್ತೇಳರಲ್ಲಿ, ಕಂಡವರ ಗಂಟಲನ್ನೆಲ್ಲ ಹೊಕ್ಕು ಬಂದ ಮೇಲೆ, ಯಾರ ದನಿಯೂ ಅಲ್ಲದ ಒಂದು ದನಿಯನ್ನು ಕೈಯಾರೆ ಕೆತ್ತಬೇಕು ಅನ್ನಿಸಿತು. ಕಟ್ಟಿಗೆ ಹುಡುಕಿದ. ಅಟ್ಟದಲ್ಲಿ ಕೈಯಾಡಿಸುವಾಗ ಬೆರಳ ಗೆಣ್ಣು ತಾಗಿ ಆ ಹಲಗೆ ಟಣ್ ಎಂದಿತು. ಎಂಬತ್ತು ವರ್ಷ ಒಣಗಿದ ಸಾಗವಾನಿ, ಇದಕ್ಕಿಂತ ಒಳ್ಳೆಯದು ಎಲ್ಲಿ ಸಿಗಬೇಕು? ಇದು ಅವನು ತನಗೆ ತಾನೇ ಕೊಟ್ಟುಕೊಂಡ ಕಾರಣ. ರಂಜನಾಳನ್ನು ಕೇಳಬೇಕಿತ್ತು. ಕೇಳಲು ಆ ಶಬ್ದ ಉಚ್ಚರಿಸಬೇಕಿತ್ತು. ಅವಳು ನಾಲ್ಕು ದಿನ ತವರುಮನೆ ಹೊಸರಿತ್ತಿಗೆ ಹೋದಾಗ ತೊಟ್ಟಿಲನ್ನು ಇಳಿಸಿ, ಬೆಣೆ ಬಡಿದು ಬಿಚ್ಚಿ, ಎರಡು ದೊಡ್ಡ ಹಲಗೆಗಳ ಬಣ್ಣ ಹೆರೆದ. ಕೆಂಪು, ಹಸಿರು, ಹಳದಿ ಸುರುಳಿಗಳು ಹಿತ್ತಲ ಕೋಣೆಯ ಮೂಲೆಯಲ್ಲಿ ಗುಡ್ಡೆ ಬಿದ್ದವು. ಸುಡಬೇಕೆಂದುಕೊಂಡವನು ಮರೆತ. ರಂಜನಾ ಬಂದ ಮರುದಿನ ಮುಂಜಾನೆ ನೋಡಿದರೆ ಮೂಲೆ ಸ್ವಚ್ಛವಾಗಿತ್ತು, ಒರೆಸಿದ ನೆಲ ಇನ್ನೂ ಹಸಿಯಾಗಿತ್ತು. ಅವಳು ಏನೂ ಕೇಳಲಿಲ್ಲ. ಅವನು ಏನೂ ಹೇಳಲಿಲ್ಲ. ಅಂದಿನಿಂದ ಇಬ್ಬರೂ ಆ ಹಸಿ ನೆಲವನ್ನು ತುಳಿಯದಂತೆ ಅಂಚಿನಲ್ಲೇ ಓಡಾಡುತ್ತಿದ್ದಾರೆ.

ಕೇಳದೆ ಇದ್ದದ್ದಷ್ಟೇ ಅಲ್ಲ, ಅವಳು ಜೊತೆಗೂ ಕೂತಿದ್ದಳು. ತಂತಿಯ ಕಂಪನ ಹಿಡಿಯುವ ಪಿಕಪ್ಪಿಗೆ ಅಯಸ್ಕಾಂತದ ಸುತ್ತ ಕೂದಲಿಗಿಂತ ಸಣ್ಣ ತಾಮ್ರದ ತಂತಿಯನ್ನು ಏಳು ಸಾವಿರ ಸುತ್ತು ಸುತ್ತಬೇಕು. ಅವಳ ಹೊಲಿಗೆ ಮಷೀನಿನ ಗಾಲಿಗೆ ಕಟ್ಟಿ ಸುತ್ತಿದ. ನೂರು ಸುತ್ತಿಗೊಂದರಂತೆ ಅವಳು ಹುಣಸೆ ಬೀಜ ತೆಗೆದು ಬಟ್ಟಲಿಗೆ ಹಾಕುತ್ತಿದ್ದಳು. ಎಪ್ಪತ್ತು ಬೀಜ. ಅಷ್ಟು ಹೊತ್ತು ಒಂದೇ ಕೆಲಸಕ್ಕೆ ಇಬ್ಬರೂ ತಲೆ ಬಗ್ಗಿಸಿ ಕೂತದ್ದು ಎಷ್ಟೋ ವರ್ಷಗಳ ಮೇಲೆ. ಐವತ್ತನೆಯ ಬೀಜಕ್ಕೆ ಹೇಳಿಬಿಡುತ್ತೇನೆ ಎಂದುಕೊಂಡ. ಅರವತ್ತಕ್ಕೆ. ಎಪ್ಪತ್ತಾಯಿತು, ಅವಳು "ಮುಗೀತಲ್ಲ" ಎಂದು ಬಟ್ಟಲೆತ್ತಿಕೊಂಡು ಹೋದಳು.

ಶುಕ್ರವಾರ ಕಾಲೇಜಿಗೆ ರಜೆ ಹಾಕಿ ರಾಣೇಬೆನ್ನೂರಿಗೆ ಹೋಗಿದ್ದ. ಹಲಗೇರಿ ರಸ್ತೆಯಲ್ಲಿ ಬಡಗಿ ಶಮಶೇರಸಾಬನ ತಗಡಿನ ಶೆಡ್ಡು. ಏಳು ತಿಂಗಳ ಹಿಂದೆ ಹಲಗೆಗಳನ್ನು ಗಿಟಾರಿನ ಆಕಾರಕ್ಕೆ ಕೊಯ್ದುಕೊಟ್ಟವನು ಅವನೇ. ಅಂದು ಹಲಗೆಯ ಮೂಲೆಯ ತೂತಿಗೆ ಹೆಬ್ಬೆರಳು ತೂರಿಸಿ ಕೇಳಿದ್ದ: "ಇದು ಮೊದಲ ಏನಿತ್ರಿ ಸರ್?" "ಬೆಂಚು." "ಬೆಂಚಿಗೆ ಸರಪಳಿ ತೂತು ಯಾಕ್ರಿ?" "ತೂಗುಬೆಂಚು." ಶಮಶೇರಸಾಬ ತೂತಿನೊಳಗಿಂದ ಬೆರಳು ತೆಗೆದು, "ಹಂಗಾರ ಚಿಂತಿಲ್ಲ. ಯಾಕ ಕೇಳಿದೆ ಅಂದ್ರ, ತೊಟ್ಲಕ್ಕ ನಾವು ಗರಗಸಾ ಹಚ್ಚೂದಿಲ್ರಿ. ನಮ್ಮ ಅಪ್ಪಾನೂ ಹಚ್ಚಿದ್ದಿಲ್ಲ. ಕೂಸು ಮಲಗಿದ ಕಟ್ಟಿಗಿ," ಎಂದಿದ್ದ. ಒಂದು ಕಡೆ ಕಾಗದದ ಟೇಪು ಅಂಟಿಸಿದ್ದನ್ನು ನೋಡಿ ಕೆದಕಲು ಹೋದಾಗ ವಿಜಯೇಂದ್ರ "ಗುರುತು ಹಾಕೀನಿ, ಅದನ್ನ ಮುಟ್ಟಬ್ಯಾಡ್ರಿ" ಎಂದು ಕೈ ಹಿಡಿದಿದ್ದ. ಈ ಶುಕ್ರವಾರ ಅದೇ ಶೆಡ್ಡಿನಲ್ಲಿ ನಿಂತು, ಎರಡು ದಿನದಲ್ಲಿ ಒಂದು ತೊಟ್ಟಿಲು ಆಗಬೇಕು, ಹಳೆಯ ನಮೂನೆಯದು ಎಂದ. ಶಮಶೇರಸಾಬ ಉಳಿ ಕೆಳಗಿಟ್ಟು ಅವನನ್ನೇ ನೋಡಿದ. "ಹೊಸಾದು ಮಾಡಿ ಕೊಡ್ತೇನ್ರಿ, ಎರಡು ತಿಂಗಳು ಹಿಡೀತೈತಿ. ಹಳೇದು ಮಾಡಾಕ ನನಗ ಬರೂದಿಲ್ಲ." ಮತ್ತೆ ಉಳಿ ಎತ್ತಿಕೊಂಡ ಮೇಲೆ, ಕಟ್ಟಿಗೆಗೆ ಹೇಳುವವನಂತೆ, "ನನ್ನ ಕೈಲೆ ಕೊಯ್ಸಿದ್ರಿ, ಅಲ್ರಿ?" ಎಂದ. ಇದಕ್ಕೂ ಯಾರ ದನಿಯಲ್ಲಿ ಉತ್ತರ ಕೊಡಬಹುದು ಎಂದು ಗಂಟಲು ತಡಕಾಡಿತು. ಬಸ್ಸಿನಲ್ಲಿ ಬರುವಾಗಲೂ ತಡಕಾಡುತ್ತಲೇ ಇತ್ತು.

ಆರನೆಯ ತಂತಿಯೂ ಬಿಗಿಯಿತು. ಶ್ರುತಿ ಕೂಡಿಸಿ, ಆಂಪ್ಲಿಫೈಯರ್ ಪೆಟ್ಟಿಗೆಗೆ ವೈರು ಸಿಕ್ಕಿಸಿ, ಗೋಡೆಯ ಸ್ವಿಚ್ಚು ಒತ್ತಿ ಬಂದ. ಗೊಂಯ್ ಎಂದಿತು. ಬಾರಿಸುವ ಮೊದಲೇ, ಯಾರೂ ಮುಟ್ಟದೆಯೇ, ಕೋಣೆಯ ತುಂಬ ಒಂದೇ ಸಮನೆ ಗೊಂಯ್. ಗಾಬರಿಯಿಂದ ಅಂಗೈಯನ್ನು ತಂತಿಗಳ ಮೇಲಿಟ್ಟ. ನಿಂತಿತು. ತೆಗೆದ. ಗೊಂಯ್. ಇದರಲ್ಲಿ ಆಶ್ಚರ್ಯವೇನಿಲ್ಲ, ವರ್ಷವೂ ಅವನು ಇದನ್ನೇ ಕಲಿಸುತ್ತಾನೆ; ಅರ್ಥಿಂಗ್ ಇಲ್ಲದ ಮನೆಯಲ್ಲಿ ಜೀವನಕ್ಕೆ ಅರ್ಥವಿಲ್ಲ ಎಂದು ಹುಡುಗರನ್ನು ನಗಿಸುತ್ತಾನೆ. ಗಿಟಾರಿನ ಬೆನ್ನಿಗೊಂದು ಗೂಡಿದೆ, ವೈರುಗಳ ಗಂಟು ಕೂಡುವ ಜಾಗ. ಆ ಗೂಡಿನ ಒಳಮೈಗೆಲ್ಲ ತಾಮ್ರದ ಟೇಪು ಅಂಟಿಸಿದರೆ ಗಾಳಿಯಲ್ಲಿನ ಕರೆಂಟಿನ ಗದ್ದಲ ಒಳಗೆ ಬರುವುದಿಲ್ಲ. ಅಂಟಿಸದಿದ್ದರೆ ಬಾರಿಸುವವನ ಮೈಯೇ ತಂತಿಗೆ ತಾಗಿಕೊಂಡು ಅದನ್ನು ತಡೆಯಬೇಕು. ತಾಮ್ರದ ಟೇಪಿನ ಸುರುಳಿ ಕೊರಿಯರಿನಲ್ಲಿ ಬಂದು ಎರಡು ತಿಂಗಳಾಗಿ ಡ್ರಾವರಿನಲ್ಲಿದೆ. ವಿಜಯೇಂದ್ರ ಸ್ವಿಚ್ಚು ಆರಿಸಿ, ಬಾಗಿಲ ಕಡೆ ಒಮ್ಮೆ ನೋಡಿ, ಬೆನ್ನಿನ ಮುಚ್ಚಳದ ನಾಲ್ಕು ತಿರುಪು ಬಿಚ್ಚಿದ. ವೈರುಗಳ ಹಿಂದೆ, ಗೂಡಿನ ತಳದಲ್ಲಿ, ಹಸಿರು ಗಿಳಿ ಇತ್ತು. ಕೆಂಪು ಕೊಕ್ಕು, ಕತ್ತಿಗೆ ಕಪ್ಪು ಗೆರೆ, ಒಂದು ಕಣ್ಣು. ಎರಡು ಹಲಗೆ ಒಂದರ ಮೇಲೊಂದು ಬೆಸೆಯುವಾಗ ಅಂಟು ಹಿಡಿಯಲೆಂದು ಬಣ್ಣವೆಲ್ಲ ಹೆರೆಯಬೇಕಾಯಿತು. ಗೂಡು ಬರುವ ಜಾಗಕ್ಕೆ ಅಂಟು ಬೇಕಿರಲಿಲ್ಲ. ಆ ಅಂಗೈಯಗಲದಲ್ಲಿ, ಕಾಗದದ ಟೇಪಿನಡಿ, ಒಂದು ಗಿಳಿಯನ್ನು ಉಳಿಸಿದ್ದ. ಯಾಕೆ ಉಳಿಸಿದೆ ಎಂದು ಕೇಳುವವರು ಯಾರೂ ಇರಲಿಲ್ಲ, ಹಾಗಾಗಿ ಉತ್ತರವನ್ನೂ ಮಾಡಿಟ್ಟುಕೊಂಡಿರಲಿಲ್ಲ. ಟೇಪಿನ ಸುರುಳಿಯನ್ನು ಕೈಗೆತ್ತಿಕೊಂಡು ಗಿಳಿಯ ಕಣ್ಣಿನ ತನಕ ಒಯ್ದು, ಮತ್ತೆ ಡ್ರಾವರಿನಲ್ಲಿಟ್ಟು, ಮುಚ್ಚಳ ಬಿಗಿದ.

"ಊಟಕ್ಕ ಬರ್ರಿ," ಎಂದಳು ರಂಜನಾ. ಜೋಳದ ರೊಟ್ಟಿ, ಎಣಗಾಯಿ. ಹೇಳಬೇಕಾದ ಮಾತನ್ನು ಮೊದಲ ತುತ್ತಿನ ಜೊತೆಗೇ ಹೇಳಿಬಿಡಬೇಕೆಂದು ಬಂದು ಕೂತಿದ್ದ. ರೊಟ್ಟಿ ಮುರಿದ. ಅವಳು ಬೆಣ್ಣೆ ಹಾಕುತ್ತ, ಅವನ ತಟ್ಟೆಯನ್ನೇ ನೋಡುತ್ತ, "ಅಕ್ಕಾರು ಬಸ್ಸಿಗೆ ಬರ್ತಾರೋ, ಟೆಂಪೋ ತರ್ತಾರೋ?" ಎಂದಳು. ಸುಮ್ಮನೆ ಬರುವವರಿಗೆ ಟೆಂಪೋ ಯಾಕೆ? "ಗೊತ್ತಿಲ್ಲ," ಎಂದ. "ಟೆಂಪೋ ಇದ್ರ ಡ್ರೈವರಗೂ ಚಾ ಇಡಬೇಕಲ್ಲ, ಅದಕ್ಕ ಕೇಳಿದೆ," ಎಂದು ಅವಳು ಇನ್ನೊಂದು ರೊಟ್ಟಿ ಹಾಕಿದಳು. ಅವನು ನೀರು ಕುಡಿದ. ಅವಳೂ ಕುಡಿದಳು. ಆ ಊಟ ಹಾಗೇ ಮುಗಿಯಿತು.

ಗೋದೂಬಾಯಿ ಎರಡೂವರೆಗೇ ಬಂದಳು. ಟೆಂಪೋ ಹೊರಗೆ ನಿಂತಿತು. ಒಂದು ಕೈಯಲ್ಲಿ ಚೀಲ, ಚೀಲದಲ್ಲಿ ಹೊಸ ಖಣ, ಅರಿಶಿನ ಹಚ್ಚಿದ ತೆಂಗಿನಕಾಯಿ. ಬಂದವಳೇ ಕುರ್ಚಿಯಲ್ಲಿ ಕೂತು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ, "ಕೂಸು ಥೇಟ್ ನಿನ್ನಂಗ ಅದ ನೋಡೋ. ಕೈ ತಗದ್ರ ಸಾಕು, ಚಿಟ್ಟನ ಚೀರ್ತದ," ಎಂದು ಹಳೆಯ ಕತೆಗೆ ಇಳಿದಳು. ಬಳಗದ ಪ್ರತಿ ಮದುವೆ ಮುಂಜಿಯಲ್ಲೂ ಹೇಳುವ ಕತೆ: ಅವನು ತೊಟ್ಟಿಲಲ್ಲಿ, ಹತ್ತು ವರ್ಷದ ಅವಳು ಎಡಗೈಯಲ್ಲಿ ಹಗ್ಗ ಹಿಡಿದು ತೂಗುತ್ತ, ಬಲಗೈಯಲ್ಲಿ ಮಗ್ಗಿ ಬರೆಯುತ್ತ, ಹಗ್ಗದಿಂದ ಕೈ ತೆಗೆದರೆ ಅಳು, ಹಿಡಿದರೆ ಗಪ್ಪು, ಹತ್ತೊಂಬತ್ತರ ಮಗ್ಗಿ ಇವತ್ತಿಗೂ ತಪ್ಪದಿರುವುದು ಅದಕ್ಕೇ. ಇದನ್ನು ವಿಜಯೇಂದ್ರ ಅವಳಿಗಿಂತ ಚೆನ್ನಾಗಿ ಅವಳದೇ ದನಿಯಲ್ಲಿ ಹೇಳಬಲ್ಲ, ಹಗ್ಗ ಎಳೆಯುವ ಕೈಯ ಓಲಾಟದ ಸಮೇತ. ಹೇಳಿದಾಗಲೆಲ್ಲ ಎಲ್ಲರಿಗಿಂತ ಹೆಚ್ಚು ನಗುವವಳು ಅವಳೇ. ಇವತ್ತು ಅವನ ಪಾಳಿ ಬಂದಾಗ ಅವನು ಚಹ ಗುಟುಕರಿಸಿದ. ಅಕ್ಕ ಒಂದು ಕ್ಷಣ ಕಾದು, ಚಹದ ಕಪ್ಪು ಕೆಳಗಿಟ್ಟು, ರಂಜನಾಳ ಕಡೆ ತಿರುಗಿದಳು.

"ವಿಜು ಹೇಳಿರಬೇಕಲ್ಲವಾ. ನಿನಗ ಸಂಕಟ ಆಗ್ತದ ಅಂತ ಇಷ್ಟು ದಿನ..."

"ಅದು ಇಲ್ರಿ ಅಕ್ಕಾ," ಎಂದಳು ರಂಜನಾ.

ಈಗ, ಎಂದುಕೊಂಡ ವಿಜಯೇಂದ್ರ. ಈಗ ಹೇಳಬೇಕು. ಬಾಯಿ ತೆರೆದ. ಪ್ರಾಚಾರ್ಯರು ಬಂದರು, ಮೂಗಿನ ಡಾಕ್ಟರರು ಬಂದರು, ಕಾಯಿಪಲ್ಲೆಯವನು ಬಂದ. ಎಲ್ಲರೂ ಗಂಟಲ ಬಾಗಿಲಲ್ಲಿ ಸಾಲು ಹಚ್ಚಿ ನಿಂತರು.

"ಗೆದ್ದಲ ಹತ್ತಿತ್ರಿ. ನಾನ ಇಳಿಸಿ ಒಡಿಸಿ ಒಗಿಸಿಬಿಟ್ಟೆ. ಇವರಿಗೂ ಹೇಳಿದ್ದಿಲ್ಲ," ಎಂದಳು ರಂಜನಾ, ಸೋರಿದ ನಳ ರಿಪೇರಿ ಮಾಡಿಸಿದ ಸುದ್ದಿ ಹೇಳುವಷ್ಟು ಸರಳವಾಗಿ. ಎದ್ದು ಒಳಗೆ ಹೋಗಿ ಒಂದು ಗಂಟು ತಂದಳು. ಬಿಚ್ಚಿದರೆ ಹಿತ್ತಾಳೆಯ ನಾಲ್ಕು ಸರಪಳಿ. ವಾಷಿಂಗ್ ಮಷೀನಿನ ಹಿಂದೆ ಗೋಣಿಚೀಲದಲ್ಲಿ ವಿಜಯೇಂದ್ರ ತುರುಕಿಟ್ಟಿದ್ದ, ಕಿಲುಬು ಹಿಡಿದ ಸರಪಳಿಗಳು. ಈಗ ಹುಣಸೆಹಣ್ಣು ಹಚ್ಚಿ ತಿಕ್ಕಿ ಬಂಗಾರದಂತಾಗಿದ್ದವು. ಒಂದು ದಿನದ ತಿಕ್ಕಾಟದಲ್ಲಿ ಬರುವ ಹೊಳಪಲ್ಲ ಅದು. "ಇವಷ್ಟ ಉಳದಾವ್ರಿ."

ಗೋದೂಬಾಯಿ ಸರಪಳಿಗಳನ್ನು ಮಡಿಲಿಗೆ ಹಾಕಿಕೊಂಡಳು. "ಮೂರು ತಲಿಮಾರಿನ ಕೂಸು ಮಲಗಿದ್ದವು," ಎಂದಳು. ಆಮೇಲೆ, ತಡೆಯಲಾಗದೆ, "ಹೋಗ್ಲಿ ಬಿಡು, ಅದರ ಕಿಮ್ಮತ್ತು ನಿನಗ ಹೆಂಗ ತಿಳೀಬೇಕು" ಎಂದಳು. ಅಂದ ಕೂಡಲೇ ನಾಲಿಗೆ ಕಚ್ಚಿಕೊಂಡಳು. ರಂಜನಾ ಖಾಲಿ ಕಪ್ಪುಗಳನ್ನು ಒಂದರೊಳಗೊಂದು ಇಟ್ಟಳು. ವಿಜಯೇಂದ್ರ ನೆಲದ ಟೈಲ್ಸಿನ ಗೆರೆ ನೋಡಿದ. ಆ ಮಾತು ತನ್ನ ಪಾಲಿನದು, ಕೈ ಚಾಚಿ ಇಸಿದುಕೊಂಡರೆ ಆಯಿತು ಎಂದು ತಿಳಿದಿತ್ತು. ಚಾಚಲಿಲ್ಲ. ಗೆರೆ ಗೋಡೆಯ ತನಕ ನೇರವಾಗಿ ಹೋಗಿತ್ತು.

ಮಾತು ಮರೆಸಲೆಂದೋ ಏನೋ ಅಕ್ಕ ಎದ್ದು ಮೇಜಿನ ಹತ್ತಿರ ಹೋದಳು. "ಇದೇನೋ ನಿನ್ನ ಗಟಾರಾ? ಮುಗೀತೇನು ಒಮ್ಮೆ?" ಎಂದು ಅಂಗೈಯಿಂದ ಸವರಿದಳು. ಕೈ ಒಂದು ಕಡೆ ನಿಂತಿತು. "ಹಳೇ ಸಾಗವಾನಿ ಅಲ್ಲಾ? ಕೈಗೆ ಗುರ್ತು ಹತ್ತಿದಂಗ ಆಗ್ತದ. ಎಲ್ಲಿದೋ?"

"ರಾಣೇಬೆನ್ನೂರಾಗ ಶಮಶೇರಸಾಬರು ಕೊಟ್ರಂತ್ರಿ. ಹಳೇ ತೂಗುಬೆಂಚಿಂದು," ಎಂದಳು ರಂಜನಾ.

ತೂಗುಬೆಂಚು. ಆ ಶಬ್ದವನ್ನು ಅವನು ಒಮ್ಮೆ ಮಾತ್ರ, ಹಲಗೇರಿ ರಸ್ತೆಯ ತಗಡಿನ ಶೆಡ್ಡಿನಲ್ಲಿ ಮಾತ್ರ ಆಡಿದ್ದ. ಇವಳು ಎಂದು ಹೋಗಿದ್ದಳು ಅಲ್ಲಿಗೆ? ಅಲ್ಲಿ ನಿಂತು ಏನೇನು ಕೇಳಿದ್ದಳು?

ಟೆಂಪೋದ ಹಾರ್ನು ಎರಡು ಸಲ ಕೂಗಿತು. ಗೋದೂಬಾಯಿ ಸರಪಳಿಗಳನ್ನು ಖಣದಲ್ಲಿ ಸುತ್ತಿ, ಖಾಲಿ ಒಯ್ಯಬಾರದೆಂದು ಅವುಗಳ ನಡುವೆ ತೆಂಗಿನಕಾಯಿ ಇಟ್ಟು, ಕೂಸನ್ನು ಎತ್ತಿಕೊಂಡಂತೆ ಎದೆಗೊತ್ತಿ ಹೊರಟಳು. ಬಾಗಿಲಲ್ಲಿ ನಿಂತು ರಂಜನಾಳ ಗಲ್ಲ ಮುಟ್ಟಿ, "ಗುರುವಾರ ನೀ ಬರಬೇಕವಾ. ನೀ ಬರದ ಹೆಸರಿಡೂದಿಲ್ಲ," ಎಂದಳು. ಅಷ್ಟು ದೊಡ್ಡ ತೊಟ್ಟಿಲಿಗೆಂದು ಬಂದಿದ್ದ ಟೆಂಪೋ ಹಿಂಬದಿ ಖಾಲಿಯಾಗಿ ಓಣಿ ದಾಟಿತು.

ವಿಜಯೇಂದ್ರ ಒಳಗೆ ಬಂದು, ಮಾಡಲು ಬೇರೇನೂ ತೋಚದೆ, ಸ್ವಿಚ್ಚು ಒತ್ತಿ ಗಿಟಾರನ್ನು ತೊಡೆಯ ಮೇಲೆ ಹಾಕಿಕೊಂಡ. ಗೊಂಯ್ ಎಂದಿತು. ಎಡ ಅಂಗೈ ತಂತಿಗಳ ಮೇಲಿಟ್ಟ, ನಿಂತಿತು. ರಂಜನಾ ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು.

"ತಾಮ್ರದ ಟೇಪು ಹಚ್ಚಿದ್ರ ನಿಂದ್ರತದಂತಲ್ಲ. ಯಾರಿಗೋ ಫೋನಿನೊಳಗ ಹೇಳ್ತಿದ್ರಿ."

"ಹಚ್ಚಬೇಕು."

"ಎರಡು ತಿಂಗಳಾತು ಬಂದು. ಯಾಕ ಹಚ್ಚವಲ್ರಿ?" ಅವನು ಉತ್ತರಿಸುವಷ್ಟು ಹೊತ್ತು ಅವಳು ಕಾದಳು. ನಿಜಕ್ಕೂ ಕಾದಳು. ಆಮೇಲೆ ಅದೇ ದನಿಯಲ್ಲಿ, "ಗಿಳಿ ಮುಚ್ಚಿ ಹೋಗ್ತದ ಅಂತ?" ಎಂದಳು.

ಕೈ ತಾನಾಗಿ ತಂತಿಯಿಂದ ಎದ್ದಿತು. ಗೊಂಯ್ ಎನ್ನುವುದು ಇಬ್ಬರ ನಡುವಿನ ಜಾಗವನ್ನೆಲ್ಲ ತುಂಬಿ, ಕಿಟಕಿಯ ಗಾಜನ್ನು ಹಿಡಿದು, ಒಂದರೊಳಗೊಂದು ಇಟ್ಟ ಕಪ್ಪುಗಳನ್ನು ಸಣ್ಣಗೆ ಅಲುಗಿಸಿತು. ರಂಜನಾ ಕಣ್ಣು ಮುಚ್ಚಿದಳು.

"ಕೈ ತಗೀಬ್ಯಾಡ್ರಿ," ಎಂದಳು.

ಇಟ್ಟ. ನಿಂತಿತು. ಅವಳು ಕಣ್ಣು ತೆರೆದು, ಕಪ್ಪುಗಳನ್ನೆತ್ತಿಕೊಂಡು ಅಡುಗೆಮನೆಗೆ ಹೋದಳು. ನಳದ ನೀರು ಬಿದ್ದ ಸದ್ದು, ಕಪ್ಪು ತೊಳೆದ ಸದ್ದು. ಎರಡೇ ಎರಡು ಹೆಜ್ಜೆ ಒಳಗೆ ಹೋಗಿ ಹೇಳಬಹುದಾದ ಮಾತು ಈಗಲೂ ಅಷ್ಟೇ ಇತ್ತು, ಹೇಳಲು ಇನ್ನು ಗುಟ್ಟೇನೂ ಉಳಿದಿರಲಿಲ್ಲ. ಆದರೂ ಅದು ಹಗುರಾಗಿರಲಿಲ್ಲ. ಅಂಗೈ ಕೆಳಗೆ ಆರು ತಂತಿ, ತಂತಿಯ ಕೆಳಗೆ ಏಳು ಸಾವಿರ ಸುತ್ತು, ಅದರ ಪಕ್ಕದ ಕತ್ತಲಲ್ಲಿ ಒಂಟಿ ಕಣ್ಣಿನ ಗಿಳಿ. ನಳ ನಿಂತಿತು.

"ಇಟ್ಟೀರೇನ್ರಿ?" ಒಳಗಿನಿಂದ ಕೇಳಿದಳು.

"ಇಟ್ಟೀನಿ," ಎಂದ.

ಅವಳು ಹೊರಗೆ ಬರಲಿಲ್ಲ. ಬಲಗೈಯ ಕಿರುಬೆರಳಿನ ಹತ್ತಿರವೇ ವಾಲ್ಯೂಮಿನ ಗುಂಡಿ ಇತ್ತು, ತಿರುವಿದರೆ ಎಲ್ಲ ಆರಿಹೋಗುತ್ತಿತ್ತು. ತಿರುವಲಿಲ್ಲ. ಬಿಸಿಲು ಮೇಜಿನಿಂದ ಇಳಿದು ಅವನ ಪಾದದ ತನಕ ಬಂತು. ಎಡಗೈ ಮೊದಲು ಜುಮುಗುಟ್ಟಿ, ಆಮೇಲೆ ಮೊಣಕೈಯ ತನಕ ಮರಗಟ್ಟಿತು. ತೊಟ್ಟಿಲ ಹಗ್ಗ ಹಿಡಿದ ಅಕ್ಕನ ಕೈಯೂ ಹೀಗೆ ಮರಗಟ್ಟುತ್ತಿತ್ತೇ ಎಂಬುದನ್ನು ಆಕೆ ಯಾವ ಮದುವೆಯಲ್ಲೂ ಹೇಳಿರಲಿಲ್ಲ. ಅಷ್ಟು ಸಲ ಅವಳ ದನಿ ತೆಗೆದು, ಅವಳ ಕೈಯ ಓಲಾಟ ಮಾಡಿ ತೋರಿಸಿದ ಅವನೂ ಆ ಭಾಗವನ್ನು ಎಂದೂ ಮಾಡಿರಲಿಲ್ಲ.